ಹಾರ್ಟ್ ಅಟ್ಯಾಕ್ ಆದ ಮೇಲೆ ಹೃದಯದ ಉರಿಯೂತ ಮತ್ತು ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು, ನಾಲ್ಕಾರು ದಿನಕ್ಕೆ ‘ಹೃದಯದ ಎಂಆರ್‌ಐ’ ಎಂದು ಬರೆದ ಚೀಟಿ ಹಿಡಿದು ಬರುವವರನ್ನು ಸ್ಕ್ಯಾನಿಗೆ ಸಿದ್ಧಪಡಿಸುವುದು ಮೈಸೂರಿನಲ್ಲಿ ನನ್ನ ದಿನನಿತ್ಯದ ಕೆಲಸ. ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆ, ಎಚ್.ಡಿ. ಕೋಟೆ ಕಡೆಯಿಂದ ಬರುವವರೇ ಹೆಚ್ಚು. ರೋಗಿಗಿಂತ ಜೊತೆಗೆ ಬಂದ ಮಗ, ಮಗಳು, ಸೊಸೆ ಕೇಳುವ ಪ್ರಶ್ನೆಗಳೇ ಜಾಸ್ತಿ. ಅವರು ಕೇಳುವ ಹಾಗೆಯೇ ಇಲ್ಲಿ ಬರೆದಿದ್ದೇನೆ. ಔಷಧಿ, ಚಿಕಿತ್ಸೆಯ ವಿಚಾರದಲ್ಲಿ ನಿಮ್ಮನ್ನು ನೋಡುತ್ತಿರುವ ಹೃದ್ರೋಗ ತಜ್ಞರ ಮಾತೇ ಅಂತಿಮ.

ಬ್ಲಾಕ್ ತೆಗೆದು ಸ್ಟೆಂಟ್ ಹಾಕಾಯ್ತಲ್ಲ, ಮತ್ತೆ ಹೃದಯದಲ್ಲಿ ಉರಿಯೂತ ಯಾಕೆ?

ಬ್ಲಾಕ್ ಇದ್ದದ್ದು ರಕ್ತನಾಳದಲ್ಲಿ. ಪೆಟ್ಟು ಬಿದ್ದದ್ದು ಆ ನಾಳದಿಂದ ರಕ್ತ ಪಡೆಯುತ್ತಿದ್ದ ಹೃದಯದ ಸ್ನಾಯುವಿಗೆ. ವಿ.ಸಿ. ನಾಲೆಗೆ ನೀರು ಬಿಟ್ಟರೆ ಬಾಡಿದ ಪೈರು ಚೇತರಿಸಿಕೊಳ್ಳುತ್ತದೆ, ಒಣಗಿಹೋದ ಪೈರು ಮತ್ತೆ ಏಳುವುದಿಲ್ಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟೆಂಟ್ ಹಾಕುವ ಹೊತ್ತಿಗೆ ಸ್ವಲ್ಪ ಸ್ನಾಯು ಸತ್ತಿರುತ್ತದೆ, ಸುತ್ತಲಿನದು ಜೀವ ಹಿಡಿದುಕೊಂಡು ಊದಿಕೊಂಡಿರುತ್ತದೆ.

ಸತ್ತ ಭಾಗವನ್ನು ತೆರವು ಮಾಡಲು ಮೊದಲ ದಿನವೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಅವುಗಳ ಹಿಂದೆಯೇ ಮೊನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬಂದು, ಸತ್ತದ್ದನ್ನು ನುಂಗುವ ಮ್ಯಾಕ್ರೋಫೇಜ್‌ಗಳಾಗಿ ಬದಲಾಗುತ್ತವೆ. ಮೊದಲು ಬರುವವು ಸತ್ತ ಸ್ನಾಯುವನ್ನು ಅರಗಿಸುತ್ತವೆ. ನಾಲ್ಕೈದು ದಿನ ಕಳೆದ ಮೇಲೆ ದುರಸ್ತಿ ಮಾಡುವ ಬಗೆಯವು ಮೇಲುಗೈ ಪಡೆಯುತ್ತವೆ. ಹೊಸ ಸಣ್ಣ ರಕ್ತನಾಳಗಳು, ಕೊಲಾಜೆನ್ ನಾರು ಬೆಳೆಯುತ್ತವೆ. ಸುಮಾರು 6ರಿಂದ 8 ವಾರದಲ್ಲಿ ಅಲ್ಲಿ ಗಟ್ಟಿ ಕಲೆ ಕೂರುತ್ತದೆ. ಈ ಎರಡು ಹಂತದ ಲೆಕ್ಕಾಚಾರ ಮೊದಲು ಸ್ಪಷ್ಟವಾದದ್ದು 2007ರಲ್ಲಿ, ಇಲಿಗಳ ಹೃದಯದಲ್ಲಿ.

ಹಾಗಾಗಿ ಅಟ್ಯಾಕ್ ಆದ ಪ್ರತಿಯೊಬ್ಬರ ಹೃದಯದಲ್ಲೂ ಉರಿಯೂತ ಇದ್ದೇ ಇರುತ್ತದೆ, ಇರಲೂ ಬೇಕು. ಅದಿಲ್ಲದೆ ಗಾಯ ಮಾಯುವುದಿಲ್ಲ. ತೊಂದರೆ ಶುರುವಾಗುವುದು ಅದು ಅತಿಯಾದಾಗ ಅಥವಾ ಇಳಿಯಬೇಕಾದ ಕಾಲಕ್ಕೆ ಇಳಿಯದೇ ಇದ್ದಾಗ. ಆಗ ಹೃದಯದ ಗೋಡೆ ತೆಳುವಾಗಿ, ಕೋಣೆ ಹಿಗ್ಗಿ, ತಿಂಗಳುಗಳ ನಂತರ ಹಾರ್ಟ್ ಫೇಲ್ಯೂರ್ ಕಡೆಗೆ ಹೋಗಬಹುದು. ಎಷ್ಟಿದೆ, ಎಲ್ಲಿದೆ, ಇಳಿಯುತ್ತಿದೆಯಾ ಎಂದು ನೋಡುವುದಕ್ಕೇ ಸ್ಕ್ಯಾನ್.

ಹಾಗಾದ್ರೆ ಎಲ್ಲರೂ ಮಾಡಿಸಲೇಬೇಕಾ?

ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಸಕಾಲಕ್ಕೆ ಸ್ಟೆಂಟ್ ಬಿದ್ದು, ಎಕೋದಲ್ಲಿ ಹೃದಯದ ಪಂಪಿಂಗ್ ಚೆನ್ನಾಗಿದ್ದು, ನೋವು ಮರುಕಳಿಸದೇ ಇದ್ದವರಿಗೆ ಉರಿಯೂತ ನೋಡಲೆಂದೇ ಎಂಆರ್‌ಐ ಬೇಕಾಗುವುದಿಲ್ಲ. ಪಕ್ಕದ ಮನೆಯವರಿಗೆ ಮಾಡಿದರು, ನಮಗೂ ಬರೆದುಕೊಡಿ ಎಂದು ಡಾಕ್ಟರನ್ನು ಒತ್ತಾಯಿಸಬೇಡಿ.

ಒಂದು ಸ್ಪಷ್ಟ ಪ್ರಶ್ನೆ ಇದ್ದಾಗ ಮಾತ್ರ ಈ ಸ್ಕ್ಯಾನಿಗೆ ಬೆಲೆ. ಆಂಜಿಯೋಗ್ರಾಂನಲ್ಲಿ ದೊಡ್ಡ ಬ್ಲಾಕ್ ಕಾಣದೇ ಇದ್ದಾಗ, ಪಂಪಿಂಗ್ ತೀರಾ ಕಡಿಮೆಯಾಗಿದ್ದಾಗ, ಹೃದಯದ ಒಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಅನುಮಾನವಿದ್ದಾಗ, ಇನ್ನೊಂದು ನಾಳಕ್ಕೆ ಸ್ಟೆಂಟ್ ಅಥವಾ ಬೈಪಾಸ್ ಮಾಡುವ ಮೊದಲು ಆ ಭಾಗದ ಸ್ನಾಯು ಜೀವಂತವಾಗಿದೆಯೇ ಎಂದು ತಿಳಿಯಬೇಕಾದಾಗ ಡಾಕ್ಟರೇ ಬರೆದುಕೊಡುತ್ತಾರೆ.

ಎಕೋ ಮಾಡಿದ್ರಲ್ಲ, ಅದರಲ್ಲೇ ಕಾಣಲ್ವಾ?

ಎಕೋದಲ್ಲಿ ಗೋಡೆ ಹೇಗೆ ಅಲುಗುತ್ತಿದೆ, ಕವಾಟ ಸೋರುತ್ತಿದೆಯೇ, ಹೃದಯದ ಸುತ್ತ ನೀರು ತುಂಬಿದೆಯೇ ಎಂಬುದೆಲ್ಲ ಗೊತ್ತಾಗುತ್ತದೆ. ಅಲುಗದ ಗೋಡೆ ಸತ್ತಿದೆಯೋ, ಊದಿಕೊಂಡು ಸುಮ್ಮನಾಗಿದೆಯೋ ಎಂಬುದು ಗೊತ್ತಾಗುವುದಿಲ್ಲ. ರಕ್ತದ ಸಿಆರ್‌ಪಿ ಪರೀಕ್ಷೆ ಮೈಯಲ್ಲಿ ಉರಿಯೂತ ಇದೆ ಎನ್ನುತ್ತದೆ. ಅದು ಹೃದಯದ್ದೋ, ಕಫ ಕಟ್ಟಿದ ಎದೆಯದ್ದೋ, ಹಲ್ಲಿನ ವಸಡಿನದ್ದೋ ಹೇಳುವುದಿಲ್ಲ.

ಎಂಆರ್‌ಐನಲ್ಲಿ ಉರಿಯೂತ ಹೇಗೆ ಗೊತ್ತಾಗುತ್ತೆ?

ಉರಿಯೂತ ಇದ್ದಲ್ಲಿ ನೀರು ಸೇರಿಕೊಳ್ಳುತ್ತದೆ. ಎಂಆರ್‌ಐ ಯಂತ್ರ ಮೂಲತಃ ದೇಹದಲ್ಲಿರುವ ನೀರಿನ ಹೈಡ್ರೋಜನ್‌ನಿಂದಲೇ ಚಿತ್ರ ತೆಗೆಯುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಟಿ2 ಎಂಬ ಬಗೆಯ ಚಿತ್ರಗಳಲ್ಲಿ ನೀರು ತುಂಬಿದ ಸ್ನಾಯು ಬೆಳ್ಳಗೆ ಕಾಣುತ್ತದೆ. ಈಚಿನ ಯಂತ್ರಗಳಲ್ಲಿ ಕಣ್ಣಂದಾಜಿನ ಬದಲು ಅಳತೆಯೇ ಸಿಗುತ್ತದೆ: ಸಾಮಾನ್ಯ ಬಳಕೆಯ 1.5 ಟೆಸ್ಲಾ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಆರೋಗ್ಯವಂತ ಹೃದಯದ ಟಿ2 ಸುಮಾರು 50 ಮಿಲಿಸೆಕೆಂಡ್. ಊದಿಕೊಂಡ ಭಾಗದಲ್ಲಿ ಅದು ಏರುತ್ತದೆ. ಟಿ1 ಎಂಬ ಇನ್ನೊಂದು ಅಳತೆಯೂ ಏರುತ್ತದೆ. ಯಂತ್ರದಿಂದ ಯಂತ್ರಕ್ಕೆ ಈ ಅಂಕಿಗಳು ಬದಲಾಗುವುದರಿಂದ ಬೆಂಗಳೂರಿನ ರಿಪೋರ್ಟನ್ನು ಮೈಸೂರಿನದರ ಪಕ್ಕ ಇಟ್ಟು ನೀವೇ ಹೋಲಿಸಲು ಹೋಗಬೇಡಿ.

ಆಮೇಲೆ ಕೈಯ ನರಕ್ಕೆ ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಟ್ಟು, 10ರಿಂದ 20 ನಿಮಿಷ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತೇವೆ. ಜೀವಂತ ಸ್ನಾಯುಕೋಶದ ಒಳಗೆ ಇದು ಹೋಗುವುದಿಲ್ಲ, ಸುತ್ತ ಸುಳಿದು ಬೇಗ ತೊಳೆದುಹೋಗುತ್ತದೆ. ಕೋಶಗಳು ಒಡೆದುಹೋದಲ್ಲಿ, ಕಲೆ ಕೂತಲ್ಲಿ ಉಳಿದುಕೊಂಡು ಹೊಳೆಯುತ್ತದೆ. ಈ ಹೊಳಪು ಗೋಡೆಯ ದಪ್ಪದ ಅರ್ಧಕ್ಕಿಂತ ಕಡಿಮೆ ಇದ್ದರೆ ಆ ಭಾಗ ಮತ್ತೆ ಕೆಲಸಕ್ಕೆ ಮರಳುವ ಸಾಧ್ಯತೆ ಹೆಚ್ಚು. ಪೂರ್ತಿ ದಪ್ಪವನ್ನೂ ಆವರಿಸಿದ್ದರೆ ಆಸೆ ಕಡಿಮೆ.

ಕೆಲವೊಮ್ಮೆ ಆ ಬಿಳಿ ಹೊಳಪಿನ ನಡುವೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ದೊಡ್ಡ ನಾಳ ಸ್ಟೆಂಟಿನಿಂದ ತೆರೆದಿದ್ದರೂ ಕೂದಲೆಳೆಗಿಂತ ಸಣ್ಣ ನಾಳಗಳು ಮುಚ್ಚಿಹೋಗಿ ಇಂಜೆಕ್ಷನ್ ಅಲ್ಲಿಗೆ ತಲುಪಿಯೇ ಇಲ್ಲ ಎಂದು ಅದರ ಅರ್ಥ. ಅಲ್ಲೇ ರಕ್ತ ಸೋರಿದ್ದರೆ ಅದರ ಕಬ್ಬಿಣದ ಅಂಶ ಉಳಿದುಕೊಂಡು ಉರಿಯೂತವನ್ನು ಇನ್ನಷ್ಟು ದಿನ ಎಳೆಯುತ್ತದೆ. ಇಂಥ ಮಚ್ಚೆ ಇರುವವರನ್ನು ಡಾಕ್ಟರು ಹೆಚ್ಚು ಜಾಗ್ರತೆಯಿಂದ, ಹೆಚ್ಚು ಸಲ ಕರೆಸಿ ನೋಡುತ್ತಾರೆ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಬೇರೆಲ್ಲೂ ಸಿಗದ ಮಾಹಿತಿ ಎಂದರೆ ಈ ಕಪ್ಪು ಮಚ್ಚೆ.

ಅಟ್ಯಾಕ್ ಆಗಿ ಎಷ್ಟನೇ ದಿನಕ್ಕೆ ಮಾಡಿಸಬೇಕು?

ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ಊತ ಒಂದೇ ಸಮ ಇರುವುದಿಲ್ಲ. ನಾಳ ತೆರೆದ ಕೆಲವೇ ಗಂಟೆಗಳಲ್ಲಿ ಒಂದು ಅಲೆ ಎದ್ದು, ಮರುದಿನದ ಹೊತ್ತಿಗೆ ತಗ್ಗಿ, ವಾರದ ಹೊತ್ತಿಗೆ ಇನ್ನೊಂದು ಅಲೆ ಬರುವುದನ್ನು ಹಂದಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಒಂದನೇ ದಿನದ ಚಿತ್ರಕ್ಕೂ ಐದನೇ ದಿನದ ಚಿತ್ರಕ್ಕೂ ವ್ಯತ್ಯಾಸ ಬರುವುದು ಇದರಿಂದ.

ಇನ್ನೊಂದು ಮಾತು. ಮೊದಲ ವಾರದಲ್ಲಿ ಹೊಳೆಯುವ ಭಾಗ ನಿಜವಾದ ಗಾಯಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ, ಊತವೂ ಅದರಲ್ಲಿ ಸೇರಿರುವುದರಿಂದ. ಮೂರು–ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಅದು ಕುಗ್ಗಿರುತ್ತದೆ. ಮೊದಲ ರಿಪೋರ್ಟ್ ಓದಿ ಕಣ್ಣೀರು ಹಾಕಿದ ಎಷ್ಟೋ ಮನೆಯವರಿಗೆ ಇದನ್ನು ಕೂರಿಸಿ ಹೇಳಿದ್ದೇನೆ.

‘ಅಟ್ಯಾಕ್ ಆಗಿದೆ, ಆದ್ರೆ ಬ್ಲಾಕೇ ಇಲ್ಲ’ ಅಂದ್ರು. ಇದು ಹೇಗೆ?

ಇಸಿಜಿ ಬದಲಾಗಿರುತ್ತದೆ, ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಏರಿರುತ್ತದೆ, ಆಂಜಿಯೋಗ್ರಾಂ ಮಾತ್ರ ಹೆಚ್ಚುಕಡಿಮೆ ನಾರ್ಮಲ್. ಎಂಆರ್‌ಐ ತನ್ನ ಯೋಗ್ಯತೆ ತೋರಿಸುವುದು ಇಲ್ಲೇ. ಹಾರ್ಟ್ ಅಟ್ಯಾಕಿನ ಗಾಯ ಯಾವಾಗಲೂ ಗೋಡೆಯ ಒಳಪದರದಿಂದ ಶುರುವಾಗಿ ಹೊರಗೆ ಹಬ್ಬುತ್ತದೆ, ಒಂದು ನಾಳದ ವ್ಯಾಪ್ತಿಗೆ ಸರಿಹೊಂದುತ್ತದೆ. ವೈರಸ್ ಮುಂತಾದ ಕಾರಣದಿಂದ ಬರುವ ಮಯೋಕಾರ್ಡೈಟಿಸ್‌ನಲ್ಲಿ (ಹೃದಯದ ಸ್ನಾಯುವಿನ ಉರಿಯೂತ) ಹೊಳಪು ಗೋಡೆಯ ಮಧ್ಯದಲ್ಲಿ ಅಥವಾ ಹೊರಪದರದಲ್ಲಿ ತೇಪೆ ತೇಪೆಯಾಗಿರುತ್ತದೆ. ಇದನ್ನು ಗುರುತಿಸಲು ‘ಲೇಕ್ ಲೂಯಿಸ್ ಮಾನದಂಡ’ ಎಂಬ ನಿಯಮಗಳಿವೆ. 2009ರಲ್ಲಿ ಬಂದವು, 2018ರಲ್ಲಿ ಪರಿಷ್ಕೃತವಾದವು. ತೀವ್ರ ದುಃಖ, ಆಘಾತದ ನಂತರ ಬರುವ ಟಾಕೊಟ್ಸುಬೊ ಎಂಬ ಸ್ಥಿತಿಯಲ್ಲಿ ಊತ ಇರುತ್ತದೆ, ಕಲೆ ಸಾಮಾನ್ಯವಾಗಿ ಇರುವುದಿಲ್ಲ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ವರ್ಷಗಟ್ಟಲೆ ನುಂಗಬೇಕಾದ ಮಾತ್ರೆ ಬೇಕೋ ಬೇಡವೋ ಎಂಬುದೇ ಇದರ ಮೇಲೆ ನಿಲ್ಲಬಹುದು. ವಯಸ್ಸಿನ ಹುಡುಗರಿಗೆ ಹೀಗಾದಾಗ ಎಂಆರ್‌ಐಗೆ ಹಿಂದೆಮುಂದೆ ನೋಡಬೇಡಿ.

ಮೈಯೊಳಗೆ ಸ್ಟೆಂಟ್ ಇದೆ. ಅಯಸ್ಕಾಂತ ಎಳೆಯಲ್ವಾ?

ಇಲ್ಲ. ಈಗ ಬಳಕೆಯಲ್ಲಿರುವ ಹೃದಯದ ಸ್ಟೆಂಟ್‌ಗಳು 1.5 ಮತ್ತು 3 ಟೆಸ್ಲಾ ಎಂಆರ್‌ಐಗೆ ಸುರಕ್ಷಿತ, ಹಾಕಿದ ಕೆಲವೇ ದಿನದಲ್ಲೂ ಮಾಡಬಹುದು. ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಯಂತ್ರ, ಮಿದುಳಿನ ಹಳೆಯ ಕ್ಲಿಪ್, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೆ ಮೊದಲೇ ಹೇಳಲೇಬೇಕು. ವೆಲ್ಡಿಂಗ್, ಲೇತ್ ಕೆಲಸದವರು ಕಣ್ಣಿನ ವಿಷಯ ಮರೆತುಬಿಡುತ್ತಾರೆ.

ಹೊರಗಿನ ಲೋಹವೆಲ್ಲ ಬಿಚ್ಚಬೇಕು. ಬಳೆ, ಓಲೆ, ಮೂಗುಬೊಟ್ಟು, ಉಡಿದಾರದ ತಾಯತ, ಸೇಫ್ಟಿ ಪಿನ್. ತಾಳಿ ಮತ್ತು ಕಾಲುಂಗುರದ ಹತ್ತಿರ ಬಂದಾಗ ಎಷ್ಟೋ ಅಮ್ಮಂದಿರ ಕೈ ನಿಂತುಬಿಡುತ್ತದೆ. ಯಜಮಾನರ ಜೀವಕ್ಕೆ ಏನಾದರೂ ಆದೀತೆಂಬ ಅಳುಕು. ಪಾಂಡವಪುರದ ಕಡೆಯ ಒಬ್ಬ ತಾಯಿ ಅರಿಸಿನದ ಕೊಂಬು ಕಟ್ಟಿದ ದಾರವೊಂದನ್ನು ಮನೆಯಿಂದಲೇ ತಂದಿದ್ದರು. ಅದನ್ನು ಕೊರಳಿಗೆ ಹಾಕಿಕೊಂಡು, ಆಮೇಲೆ ಕರಿಮಣಿ ಸರ ಬಿಚ್ಚಿ ಮಗಳ ಕೈಗೆ ಕೊಟ್ಟು, ನೆಮ್ಮದಿಯಿಂದ ಒಳಗೆ ಬಂದರು. ದಾರಕ್ಕೂ ಅರಿಸಿನಕ್ಕೂ ಯಂತ್ರದ ತಕರಾರಿಲ್ಲ. ಆವತ್ತಿನಿಂದ ಬೇರೆಯವರಿಗೂ ಇದನ್ನೇ ಹೇಳುತ್ತೇನೆ. ಕಾಲುಂಗುರ ಬಿಗಿಯಾಗಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಹಚ್ಚಿ ತೆಗೆದಿಡಿ.

ಒಳಗೆ 45ರಿಂದ 60 ನಿಮಿಷ ಮಲಗಬೇಕು. ಟಕಟಕ ಸದ್ದು ಜೋರಾಗಿರುತ್ತದೆ, ಕಿವಿಗೆ ಮುಚ್ಚುಗೆ ಕೊಡುತ್ತೇವೆ. ‘ಉಸಿರು ಹಿಡಿದುಕೊಳ್ಳಿ’ ಎಂದಾಗ ಹತ್ತು ಹದಿನೈದು ಸೆಕೆಂಡ್ ಹಿಡಿಯಬೇಕು. ಮನೆಯಲ್ಲಿ ಎರಡು ದಿನ ಅಭ್ಯಾಸ ಮಾಡಿ ಬಂದವರ ಚಿತ್ರ ನಿಚ್ಚಳವಾಗಿ ಬರುತ್ತದೆ. ಕೈಯಲ್ಲಿ ಒಂದು ಬೆಲ್ ಇರುತ್ತದೆ, ಭಯವಾದರೆ ಒತ್ತಿ, ಹೊರಗೆ ತೆಗೆಯುತ್ತೇವೆ.

ಇಂಜೆಕ್ಷನ್ನಿಂದ ಕಿಡ್ನಿ ಹಾಳಾಗುತ್ತಾ?

ಕಿಡ್ನಿ ಚೆನ್ನಾಗಿದ್ದರೆ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಕಡಿಮೆ ಇರುವವರು, ಡಯಾಲಿಸಿಸ್‌ನವರು ತಪ್ಪದೇ ತಿಳಿಸಬೇಕು. ಅಂಥವರಿಗೆ ಯಾವ ಬಗೆಯ ಗ್ಯಾಡೊಲಿನಿಯಂ ಕೊಡಬೇಕು, ಕೊಡಬೇಕೋ ಬೇಡವೋ ಎಂದು ತಜ್ಞರು ತೀರ್ಮಾನಿಸುತ್ತಾರೆ. ಗರ್ಭಿಣಿಯರಿಗೆ ತೀರಾ ಅನಿವಾರ್ಯವಾದರೆ ಮಾತ್ರ.

ಪೆಟ್ ಸ್ಕ್ಯಾನ್ ಕ್ಯಾನ್ಸರ್‌ಗೆ ಅಲ್ವಾ? ನಮಗೆ ಯಾಕೆ ಬರೆದ್ರು?

ಹೆಸರು ಕೇಳಿದೊಡನೆ ಮುಖ ಬಿಳಿಚಿಕೊಳ್ಳುವವರಿದ್ದಾರೆ. ಹೆದರಬೇಡಿ. ಪೆಟ್ ಸ್ಕ್ಯಾನ್ ಹುಡುಕುವುದು ಸಕ್ಕರೆಯನ್ನು ಹೆಚ್ಚು ತಿನ್ನುವ ಕೋಶಗಳನ್ನು. ಎಫ್‌ಡಿಜಿ ಎಂಬ ವಿಕಿರಣ ಬೆರೆತ ಸಕ್ಕರೆಯನ್ನು ನರಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳಂತೆ ಉರಿಯೂತದ ಮ್ಯಾಕ್ರೋಫೇಜ್‌ಗಳೂ ಅದನ್ನು ಹೀರಿಕೊಳ್ಳುತ್ತವೆ. ಎಂಆರ್‌ಐ ತೋರಿಸುವುದು ಉರಿಯೂತದಿಂದಾದ ಊತವನ್ನು. ಪೆಟ್ ಉರಿಯೂತದ ಕೋಶಗಳ ಚಟುವಟಿಕೆಯನ್ನೇ ಹಿಡಿಯಲು ನೋಡುತ್ತದೆ.

ಆದರೆ ಹಾರ್ಟ್ ಅಟ್ಯಾಕ್ ಆದ ಹೃದಯದಲ್ಲಿ ಇದಕ್ಕೊಂದು ತೊಡಕಿದೆ. ರಕ್ತ ಸಾಲದೆ ನಿದ್ದೆಗೆ ಜಾರಿದ ಜೀವಂತ ಸ್ನಾಯುವೂ ಸಕ್ಕರೆಯನ್ನೇ ನೆಚ್ಚಿಕೊಂಡಿರುತ್ತದೆ. ಹೊಳೆದದ್ದು ಉರಿಯೂತವೋ, ಹಸಿದ ಸ್ನಾಯುವೋ ಎಂಬ ಗೊಂದಲ ಬರುತ್ತದೆ. ಅದಕ್ಕೇ ಅಟ್ಯಾಕಿನ ನಂತರದ ಉರಿಯೂತ ನೋಡಲು ಇದು ಇನ್ನೂ ಹೆಚ್ಚಾಗಿ ಸಂಶೋಧನೆಯ ಮಟ್ಟದಲ್ಲಿದೆ. ನಿಮಗೆ ಬರೆದುಕೊಟ್ಟಿದ್ದಾರೆ ಎಂದರೆ ಬಹುಶಃ ಸಾರ್ಕಾಯ್ಡ್ ಎಂಬ ಕಾಯಿಲೆಯ ಅನುಮಾನವಿರಬಹುದು, ಅಥವಾ ಸ್ನಾಯು ಜೀವಂತವಾಗಿದೆಯೇ ಎಂದು ನೋಡಬೇಕಿರಬಹುದು. ಯಾವುದಕ್ಕೆ ಎಂದು ಡಾಕ್ಟರನ್ನು ಕೇಳಿಯೇ ಬನ್ನಿ, ಏಕೆಂದರೆ ಎರಡಕ್ಕೂ ಊಟದ ತಯಾರಿ ತದ್ವಿರುದ್ಧ.

ಎಣ್ಣೆ, ತುಪ್ಪ ಮುಟ್ಟಬೇಡಿ ಅಂದಿದ್ರು. ಈಗ ಪೆಟ್ ಸ್ಕ್ಯಾನಿಗೆ ತುಪ್ಪ ತಿನ್ನಿ, ಅನ್ನ ಬಿಡಿ ಅಂತೀರಲ್ಲ?

ಉರಿಯೂತ ನೋಡುವ ಪೆಟ್ ಸ್ಕ್ಯಾನಿಗೆ ಮಾತ್ರ ಈ ಪಥ್ಯ, ಅದೂ ಒಂದು ದಿನದ ಮಟ್ಟಿಗೆ. ಆರೋಗ್ಯವಂತ ಹೃದಯವೂ ಸಕ್ಕರೆ ಸಿಕ್ಕರೆ ಹೀರಿಕೊಳ್ಳುತ್ತದೆ. ಆಗ ಹೃದಯ ಇಡಿಯಾಗಿ ಹೊಳೆದು ಉರಿಯೂತ ಅದರಲ್ಲಿ ಮುಚ್ಚಿಹೋಗುತ್ತದೆ. ಹಿಂದಿನ ದಿನ ಪಿಷ್ಟ, ಸಕ್ಕರೆ ನಿಲ್ಲಿಸಿ ಕೊಬ್ಬು ಕೊಟ್ಟರೆ ಹೃದಯ ಕೊಬ್ಬನ್ನು ಉರಿಸಲು ಶುರುಮಾಡುತ್ತದೆ, ಸಕ್ಕರೆ ಉರಿಯೂತದ ಕೋಶಗಳಿಗಷ್ಟೇ ಹೋಗುತ್ತದೆ.

ಸಾಮಾನ್ಯವಾಗಿ ಹಿಂದಿನ ದಿನ ಇಂಥ ಎರಡು ಊಟ, ನಂತರ 12 ಗಂಟೆಯಾದರೂ ಉಪವಾಸ, ಬರೀ ನೀರು. ನಮ್ಮ ಕಡೆಯವರಿಗೆ ಇದೇ ಕಷ್ಟ. ಮುದ್ದೆ ಇಲ್ಲದ ಊಟ ಊಟವೇ ಅಲ್ಲ ಎನ್ನುವವರು ನಾವು. ಆ ದಿನ ಮುದ್ದೆ, ಅನ್ನ, ಚಪಾತಿ, ಇಡ್ಲಿ, ಹುರುಳಿಕಾಳಿನ ಬಸ್ಸಾರು, ಹಾಲು, ಮೊಸರು, ಹಣ್ಣು, ಕಬ್ಬಿನ ಹಾಲು, ಬೆಲ್ಲದ ಕಾಫಿ ಯಾವುದೂ ಬೇಡ. ಮಾಂಸ ತಿನ್ನುವವರು ಮೊಟ್ಟೆ, ಎಣ್ಣೆಯಲ್ಲಿ ಹುರಿದ ಕೋಳಿ ಅಥವಾ ಮಟನ್ ತಿನ್ನಬಹುದು, ಮಸಾಲೆಗೆ ಹುರಿಗಡಲೆ ಹಾಕದೆ. ತಿನ್ನದವರು ತುಪ್ಪದಲ್ಲಿ ಹುರಿದ ಪನ್ನೀರ್, ಬೆಣ್ಣೆ. ಕೇಂದ್ರದವರು ಕೊಡುವ ಪಟ್ಟಿಯೇ ಕೊನೆಯ ಮಾತು.

ಪಥ್ಯ ಕೆಡುವುದು ಊಟದಲ್ಲಲ್ಲ, ಸಣ್ಣಪುಟ್ಟದ್ದರಲ್ಲಿ. ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ತಾಯಿ ಚಾಮುಂಡಿಗೆ ಕೈಮುಗಿದು, ಪ್ರಸಾದವಲ್ಲವೇ ಎಂದು ಚಿಟಿಕೆ ಸಕ್ಕರೆಪೊಂಗಲ್ ಬಾಯಿಗೆ ಹಾಕಿಕೊಳ್ಳುತ್ತಾರೆ. ಕೆಮ್ಮಿನ ಸಿರಪ್, ಬಾಯಿಗೆ ಪೆಪ್ಪರ್‌ಮೆಂಟ್, ಎಲೆಅಡಿಕೆಯ ಜೊತೆ ಗುಲ್ಕನ್. ಪ್ರಸಾದವನ್ನು ಪೊಟ್ಟಣ ಕಟ್ಟಿ ಇಟ್ಟುಕೊಂಡು ಸ್ಕ್ಯಾನ್ ಮುಗಿದ ಮೇಲೆ ತಿನ್ನಿ. ಅಕಸ್ಮಾತ್ ತಿಂದಿದ್ದರೆ ಮುಚ್ಚಿಡದೆ ಹೇಳಿ. ಇನ್ನೊಂದು ದಿನ ಮಾಡೋಣ, ಸುಮ್ಮನೆ ವಿಕಿರಣ, ದುಡ್ಡು ಎರಡೂ ದಂಡವಾಗುವುದು ತಪ್ಪುತ್ತದೆ.

ಶುಗರ್ ಇರುವವರು ಮಾತ್ರೆ, ಇನ್ಸುಲಿನ್ ವಿಚಾರದಲ್ಲಿ ಸ್ವಂತ ತೀರ್ಮಾನ ಮಾಡಬಾರದು. ಬುಕಿಂಗ್ ಮಾಡುವಾಗಲೇ ಶುಗರ್ ಇದೆ ಎಂದು ತಿಳಿಸಿದರೆ ಬೇರೆ ಸೂಚನೆ ಕೊಡುತ್ತಾರೆ.

ವಿಕಿರಣ ಎಂದ್ರಿ. ಮನೆಯಲ್ಲಿ ಮಗು ಇದೆ, ಬಸುರಿ ಸೊಸೆ ಇದ್ದಾಳೆ.

ಎಂಆರ್‌ಐ, ಎಕೋದಲ್ಲಿ ವಿಕಿರಣವೇ ಇಲ್ಲ. ಎಫ್‌ಡಿಜಿಯ ವಿಕಿರಣ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ; ಮರುದಿನ ಬೆಳಿಗ್ಗೆ ಲೆಕ್ಕಕ್ಕೇ ಇರುವುದಿಲ್ಲ. ಸ್ಕ್ಯಾನ್ ಆದ ದಿನ ಮಗುವನ್ನು ಎತ್ತಿಕೊಂಡು ಕೂರಬೇಡಿ, ಬಸುರಿಯರ ಪಕ್ಕ ಹೆಚ್ಚು ಹೊತ್ತು ಇರಬೇಡಿ, ನೀರು ಚೆನ್ನಾಗಿ ಕುಡಿಯಿರಿ.

ಇನ್ನೂ ಹೊಸ ಸ್ಕ್ಯಾನ್‌ಗಳು ಬಂದಿವೆಯಂತೆ?

ಸಕ್ಕರೆಯ ಗೊಂದಲ ತಪ್ಪಿಸಲು ಬೇರೆ ಔಷಧಗಳನ್ನು ಪರೀಕ್ಷಿಸುತ್ತಿದ್ದಾರೆ. ಗ್ಯಾಲಿಯಂ-68 ಬೆರೆಸಿದ ಡೋಟಾಟೇಟ್ ಮ್ಯಾಕ್ರೋಫೇಜ್ ಮೇಲಿನ ಒಂದು ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ. ಪೆಂಟಿಕ್ಸಾಫೋರ್ ಬಿಳಿ ರಕ್ತಕಣಗಳನ್ನು ಗಾಯದ ಕಡೆಗೆ ಕರೆಯುವ ವ್ಯವಸ್ಥೆಯನ್ನು ತೋರಿಸುತ್ತದೆ. ಎಫ್‌ಎಪಿಐ ಕಲೆ ಕಟ್ಟುವ ಕೋಶಗಳನ್ನು ಹಿಡಿಯುತ್ತದೆ. ಕಬ್ಬಿಣದ ಅತಿಸೂಕ್ಷ್ಮ ಕಣಗಳನ್ನು ನರಕ್ಕೆ ಕೊಟ್ಟು, ಮ್ಯಾಕ್ರೋಫೇಜ್‌ಗಳು ಅವನ್ನು ನುಂಗಿದ ಮೇಲೆ ಎಂಆರ್‌ಐನಲ್ಲಿ ನೋಡುವ ವಿಧಾನವೂ ಇದೆ.

ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಉರಿಯೂತ ಹೃದಯದಲ್ಲಷ್ಟೇ ಇರುವುದಿಲ್ಲ. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದಲ್ಲಿ (ಸ್ಪ್ಲೀನ್) ಮೊನೊಸೈಟ್‌ಗಳ ದಾಸ್ತಾನು ಇದ್ದು, ಅಟ್ಯಾಕ್ ಆದೊಡನೆ ಅಲ್ಲಿಂದ ಹೃದಯಕ್ಕೆ ಹೊರಡುತ್ತವೆ ಎಂಬುದು 2009ರಲ್ಲಿ ಇಲಿಗಳಲ್ಲಿ ಕಂಡುಬಂತು. ಮನುಷ್ಯರ ಪೆಟ್ ಚಿತ್ರಗಳಲ್ಲೂ ಅಟ್ಯಾಕ್ ಆದವರ ಗುಲ್ಮ, ಮೂಳೆಮಜ್ಜೆ ಹೆಚ್ಚು ಚುರುಕಾಗಿರುವುದು ಕಾಣುತ್ತದೆ. ಇವೆಲ್ಲ ಸಂಶೋಧನೆಯ ಮಾತು. ಇದನ್ನು ಕೇಳಿಕೊಂಡು ಊರೂರು ಅಲೆಯುವ ಅಗತ್ಯವಿಲ್ಲ.

ಉರಿಯೂತ ಇಳಿಸೋಕೆ ಮಾತ್ರೆ ಇದೆಯಾ?

ಕೋಲ್ಚಿಸಿನ್ ಎಂಬ ಹಳೆಯ ಮಾತ್ರೆಯ ಬಗ್ಗೆ ದೊಡ್ಡ ಅಧ್ಯಯನಗಳಾಗಿವೆ. 2019ರಲ್ಲಿ 4,745 ಜನರ ಅಧ್ಯಯನದಲ್ಲಿ ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟಾಗ ಮುಂದಿನ ತೊಂದರೆಗಳು ಕಡಿಮೆಯಾದವು. 2024ರಲ್ಲಿ ಪ್ರಕಟವಾದ, 7,062 ಜನರ ಇನ್ನೊಂದು ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಹಾಗಾಗಿ ಯಾರಿಗೆ ಕೊಡಬೇಕೆಂಬ ಚರ್ಚೆ ನಡೆದೇ ಇದೆ. ಮುಂದೊಂದು ದಿನ ಸ್ಕ್ಯಾನ್ ನೋಡಿ ‘ಇವರಿಗೆ ಉರಿಯೂತ ಜಾಸ್ತಿ, ಇವರಿಗೆ ಕೊಡೋಣ’ ಎಂದು ಆರಿಸುವಂತಾಗಬೇಕು ಎಂಬುದು ಈ ಕ್ಷೇತ್ರದವರ ಆಸೆ, ನನ್ನದೂ.

ಬ್ರೂಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಿಂದ ತಂದು ನುಂಗಲೇಬೇಡಿ. ರಕ್ತಸ್ರಾವ, ಮತ್ತೊಂದು ಅಟ್ಯಾಕ್ ಎರಡರ ಅಪಾಯವನ್ನೂ ಅವು ಹೆಚ್ಚಿಸುತ್ತವೆ. ಮಂಡಿನೋವಿಗೆಂದು ನುಂಗಿದರೂ ಅಷ್ಟೇ.

ಮನೆಗೆ ಬಂದು ಮೂರು ವಾರಕ್ಕೆ ಮತ್ತೆ ಎದೆನೋವು. ಸ್ಕ್ಯಾನಿಗೆ ಬರೋಣವಾ?

ಸ್ಕ್ಯಾನಿಗಲ್ಲ, ಮೊದಲು ತುರ್ತು ಚಿಕಿತ್ಸೆಗೆ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಮೈಸೂರಿಗೇ ಹೋಗೋಣ ಎಂದು ಹೆದ್ದಾರಿಯಲ್ಲಿ ಗಂಟೆ ಕಳೆಯಬೇಡಿ.

ಮತ್ತೆ ಅಟ್ಯಾಕ್ ಅಲ್ಲ ಎಂದು ಖಚಿತವಾದರೆ, ಹೃದಯದ ಹೊರಚೀಲದ ಉರಿಯೂತ ಇರಬಹುದು. ಮಲಗಿದರೆ, ಉಸಿರೆಳೆದರೆ ನೋವು ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಜೊತೆಗೆ ಸಣ್ಣ ಜ್ವರ. ಮೊದಲ ಮೂರ್ನಾಲ್ಕು ದಿನದಲ್ಲೂ ಬರಬಹುದು, ವಾರಗಳ ನಂತರವೂ ಬರಬಹುದು. ತಡವಾಗಿ ಬರುವುದಕ್ಕೆ 1956ರಲ್ಲಿ ಅದನ್ನು ವಿವರಿಸಿದ ವೈದ್ಯರ ನೆನಪಿಗೆ ಡ್ರೆಸ್ಲರ್ ಸಿಂಡ್ರೋಮ್ ಎನ್ನುತ್ತಾರೆ. ಎಕೋದಲ್ಲಿ ಸುತ್ತಲಿನ ನೀರು, ಎಂಆರ್‌ಐನಲ್ಲಿ ಹೊರಚೀಲ ಹೊಳೆಯುವುದು ಕಾಣುತ್ತದೆ. ಬೇಗ ತಂದರೆ ಮಾತ್ರೆಯಲ್ಲೇ ವಾಸಿಯಾಗುವಂಥದ್ದು.

ಖರ್ಚು?

ಜಾಗದಿಂದ ಜಾಗಕ್ಕೆ ಬಹಳ ವ್ಯತ್ಯಾಸ. ಬಿಪಿಎಲ್ ಕಾರ್ಡ್, ಆಧಾರ್ ಹಿಡಿದು ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಏನು ಸೇರುತ್ತದೆ ಎಂದು ಅವರೇ ಹೇಳುತ್ತಾರೆ. ಸಾಲ ಮಾಡುವ ಮೊದಲು ಈ ವಿಚಾರಣೆ ಆಗಲಿ.

ಮುಂದಿನ ಸಲ ಬರುವಾಗ ಏನೇನು ತರಬೇಕು?

ಡಿಸ್ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ಸಿ.ಡಿ., ಸ್ಟೆಂಟ್ ಕಾರ್ಡ್, ಈಚಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್, ನುಂಗುತ್ತಿರುವ ಮಾತ್ರೆಗಳ ಚೀಟಿ. ಹಿಂದಿನ ಎಂಆರ್‌ಐನ ರಿಪೋರ್ಟ್ ಹಾಳೆಯ ಫೋಟೊ ಮೊಬೈಲಿನಲ್ಲಿದ್ದರೆ ಸಾಲದು. ಊತ ಇಳಿದಿದೆಯೇ, ಕಲೆ ಕುಗ್ಗಿದೆಯೇ ಎಂದು ಹೇಳಲು ಹಳೆಯ ಚಿತ್ರಗಳೇ ಬೇಕು. ಮೊದಲ ಸ್ಕ್ಯಾನ್ ಆದ ದಿನವೇ ಅವನ್ನು ಸಿ.ಡಿ. ಅಥವಾ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿ.